ಅಳಿಯನ ಮೆಥಡ್

ಆದೋನಿಯ ಬಜಾರಪ್ಪನವರ ಹತ್ತಿ ಮಿಲ್ಲಿಗೆ ಕಂಪ್ಯೂಟರ್ ಬಂದದ್ದು ಎಂಬತ್ತೊಂಬತ್ತರಲ್ಲಿ. ಪ್ರೋಗ್ರಾಂ ಬರೆಯಲು ಸೇತುಮಾಧವನನ್ನು ಇಟ್ಟುಕೊಂಡಿದ್ದರು. ಹೊಸದಾಗಿ ಮದುವೆಯಾದವನು; ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಮಾಲೀಕರ ಅಳಿಯ ಭೀಮಲಿಂಗಪ್ಪನೂ ಹೈದರಾಬಾದಿನಲ್ಲಿ ಅದನ್ನೇ ಕಲಿತವನೆಂದು ಕೆಲಸ ಎರಡು ಪಾಲಾಯಿತು. ಬಂಡಿಯ ತೂಕ ಹಿಡಿದು ಚೀಟಿ ಅಚ್ಚು ಹಾಕುವ ಕ್ಲಾಸ್ ಎಂಬ ಪ್ರೋಗ್ರಾಂ ತುಂಡು ಸೇತುಮಾಧವನದು. ತೇವ, ಕಸ ಕಳೆದು ನಿವ್ವಳ ತೂಕ ಹೇಳುವ ಕ್ಲಾಸ್ ಅಳಿಯನದು. ನಡುವೆ ಇಂಟರ್‌ಫೇಸ್, ಅಂದರೆ ಕರಾರು: ಕ್ಲಾಸಿನೊಳಗೆ ಒಂದೊಂದು ಕೆಲಸ ಮಾಡುವ ಮೆಥಡ್‌ಗಳಲ್ಲಿ ಇಂಥ ಹೆಸರಿನದನ್ನು ಕರೆದರೆ ಇಂಥ ಉತ್ತರ ಬರಬೇಕು. ಹೇಗೆ ಬಂತೆಂದು ಕರೆದವನು ಕೇಳುವಂತಿಲ್ಲ.

ಕಂಪ್ಯೂಟರಿಗೆ ಪೂಜೆಯಾದ ಬೆಳಿಗ್ಗೆ ಕೌತಾಳಂನ ಗಂಗಕ್ಕನ ಹತ್ತಿ ಬಂಡಿ ಮೊದಲು ತೂಕದ ಕಾಟಾ ಹತ್ತಿತು. ಸೇತುಮಾಧವ ಅಳಿಯನ ಮೆಥಡ್ ಕರೆದ. ನಿವ್ವಳ ತೂಕ ಸೊನ್ನೆ ಎಂದು ಬಂತು. ಮತ್ತೆ ಕರೆದ. ಮತ್ತೆ ಸೊನ್ನೆ.

"ಹಂಗಾರ ನಾ ಬಂಡಿ ತುಂಬ ಗಾಳಿ ಹೇರ್ಕೊಂಡು ಬಂದೀನೇನು?" ಎಂದು ಗಂಗಕ್ಕ ಕೇಳಿದಳು.

ಗುಮಾಸ್ತ ಕೃಷ್ಣಮೂರ್ತಿ ಯಂತ್ರವನ್ನು ಆರಿಸಿ ಹಚ್ಚಲು ಹೇಳಿದ. ಕಾಟಾದ ಕೆಂಚಣ್ಣ ದೃಷ್ಟಿ ತೆಗೆದು ಪರದೆಯ ಮೇಲೆ ನಿಂಬೆಹಣ್ಣು ಹಿಂಡಿದ. ಪರದೆ ಪೊರೆ ಬಂದ ಮುದುಕನ ಕಣ್ಣಿನಂತಾಯಿತು. ಸೊನ್ನೆ ಮಾತ್ರ ಸ್ಪಷ್ಟವಾಗಿತ್ತು. ಬಜಾರಪ್ಪನವರು ಎಲ್ಲರೆದುರು ಸೇತುಮಾಧವನ ಓದನ್ನು ಬೈದು, ಆಮೇಲೆ ಓದಿಸಿದವರನ್ನು ಬೈದರು.

ಸೇತುಮಾಧವ ಅಳಿಯನ ಕ್ಲಾಸ್ ತೆರೆದು ನೋಡಿದ. ಮೆಥಡ್‌ಗಳ ಹೆಸರು ಬೀಗರ ಚಪ್ಪಲಿಗಳಂತೆ ಸಾಲಾಗಿದ್ದವು; ಒಳಗೆ ಯಾರೂ ಇರಲಿಲ್ಲ. ಯಾವುದನ್ನು ಕರೆದರೂ ಸೊನ್ನೆ ಕೊಟ್ಟು ಕಳಿಸುವ ಒಂದು ಸಾಲು, ಅಷ್ಟೇ.

ಭೀಮಲಿಂಗಪ್ಪ ಅವನನ್ನು ಹತ್ತಿ ರಾಶಿಯ ಹಿಂದೆ ಕರೆದೊಯ್ದ. "ಸೇತುರಾವ್, ಹೈದರಾಬಾದಿನಾಗ ನಾ ಸಿನಿಮಾ ನೋಡಿದ್ದೇ ಜಾಸ್ತಿ. ಮಾವನ ಮುಂದ ಹೇಳಬ್ಯಾಡ್ರಿ. ನೀವು ಬರೀರಿ, ನಿಮ್ಮ ನೌಕರಿ ಕಾಯಂ ಮಾಡಿಸೋದು ನಂದು."

ಸೇತುಮಾಧವ ಊಟ ಬಿಟ್ಟು ಬರೆದ. ಮಧ್ಯಾಹ್ನ ಗಂಗಕ್ಕನ ಹತ್ತಿಗೆ ಸರಿಯಾದ ತೂಕ ಬಂತು. ಬೆಳಿಗ್ಗೆ ಕೆಡಿಸಿದವನು ಸೇತುಮಾಧವ, ಸರಿಮಾಡಿದವನು ಅಳಿಯ ಎಂದು ಬಜಾರಪ್ಪನವರಿಗೆ ಖಾತ್ರಿಯಾಯಿತು. "ನಾಳಿಂದ ಬರಬ್ಯಾಡ್ರಿ. ನಮ್ಮೋನೇ ಎಲ್ಲಾ ನೋಡ್ಕೊಂತಾನ" ಎಂದರು. ಸೇತುಮಾಧವ ಆಗ ನಿಜ ಹೇಳಿದ. ಕೆಲಸ ಕಳಕೊಂಡವನು ಹೀಗೇ ಹೇಳುವುದೆಂದು ಯಾರೂ ನಂಬಲಿಲ್ಲ. ಭೀಮಲಿಂಗಪ್ಪ ತಲೆ ಎತ್ತದೆ ಪ್ರಿಂಟರ್ ಒರೆಸುತ್ತಿದ್ದ.

ಸಂಜೆ ಅದೇ ಭೀಮಲಿಂಗಪ್ಪ ಬಾಳೆಹಣ್ಣು ಹಿಡಿದು ಸೇತುಮಾಧವನ ಮನೆಗೆ ಬಂದ. ಸೇತುಮಾಧವನ ಹೆಂಡತಿ ಜಯಾಬಾಯಿ ಕಾಫಿ ಮಾಡಲು ಒಳಗೆ ಹೋದಾಗ ದನಿ ತಗ್ಗಿಸಿದ. ಮಾವ ಈಗ ಕೂಲಿಯವರ ಹಾಜರಿಯ ಪ್ರೋಗ್ರಾಂ ಕೇಳಿದ್ದರಂತೆ. "ಮೆಥಡ್ ಹೆಸರು ಇಟ್ಟೀನ್ರಿ. ಒಳಗಿಂದು ಬರಕೊಡ್ರಿ, ನಿಮ್ಮನ್ನ ಮತ್ತ ತಗೊಳ್ಳಾಕ ಮಾವಗ ಹೇಳ್ತೀನಿ."

ಬೇರೆ ದಾರಿ ಕಾಣದೆ ಸೇತುಮಾಧವ ಆಗಲೆಂದ.

ಭೀಮಲಿಂಗಪ್ಪ ಹೋದ ಮೇಲೆ ಜಯಾಬಾಯಿ ಲೋಟ ಎತ್ತುತ್ತ ಹೇಳಿದಳು: "ಕೆಲಸಾ ಹೋದ ದಿನಾನ ಸಮಾಧಾನ ಹೇಳಾಕ ಬಂದ್ರಲ್ರಿ, ದೊಡ್ಡ ಮನಸು. ಅವರ ಕಡೆ ಸ್ವಲ್ಪ ಕಂಪ್ಯೂಟರ್ ಕಲೀಬಾರ್ದೇನು ನೀವು?"