ನಮ್ಮ ಯಜಮಾನರ ಎರಡು ಎಲುಬು

ನಮ್ಮ ಯಜಮಾನರಿಗೆ ಮನುಷ್ಯರಲ್ಲಿ ಕಾಣುವುದು ಎರಡೇ ಎಲುಬು! ತಲೆಬುರುಡೆಯ ಕೆಳಗೆ, ಕುತ್ತಿಗೆ ಶುರುವಾಗುವಲ್ಲಿರುವ ಮೊದಲನೆಯದು ಮತ್ತು ಎರಡನೆಯದು. ಉಳಿದವೆಲ್ಲ ಅವರ ಪಾಲಿಗೆ ದಾಯಾದಿಗಳು. ಸಂಭಾಜಿನಗರದ ವೈದ್ಯಕೀಯ ಕಾಲೇಜೊಂದರಲ್ಲಿ ಅಂಗರಚನೆ ಕಲಿಸುತ್ತಾರೆ, ಸರಿ. ಬೀದರಿಗೆ ಹೆಣ್ಣು ನೋಡಲು ಬಂದಾಗಲೂ ಕಲಿಸಬೇಕೆ? ಉಪ್ಪಿಟ್ಟಿನ ತಟ್ಟೆ ಇಟ್ಟು ತಿರುಗಿದರೆ ನನ್ನ ಜಡೆಯತ್ತಲೇ ದೃಷ್ಟಿ. ನಮ್ಮವ್ವ ಹಿಗ್ಗಿಹೋದಳು. ವರ ಮಹಾಶಯರು ಬಾಯಿಬಿಟ್ಟರು: "ಇವರ ಮೊದಲನೇ ಎಲುಬು ಭಾಳ ಚಲೋ ತಿರಗ್ತದ್ರಿ!"

ಅಪ್ಪ ಒಂದು ಗಳಿಗೆ ಯೋಚಿಸಿ, "ಉಳಿದವೂ ಚಲೋನ ಅದಾವ್ರಿ" ಎಂದರು. ಮದುವೆ ನಿಶ್ಚಯವಾಯಿತು.

ನೆಂಟರ ಮನೆಯಲ್ಲಿ ತಟ್ಟೆಗೆ ಕೋಡುಬಳೆ ಬಂದರೆ ಮುಗಿಯಿತು! ತೋರುಬೆರಳಿಗೆ ಅದನ್ನು ಏರಿಸಿ, "ನೋಡ್ರಿ, ಬಳಿ ಅಂದ್ರ ಮೊದಲನೇ ಎಲುಬು, ಬಟ್ಟು ಅಂದ್ರ ಎರಡನೇದರ ಗೂಟ. ಗೂಟದ ಸುತ್ತ ಬಳಿ ತಿರಗ್ತದ, ಅದಕ್ಕ ನಿಮ್ಮ ತಲಿ ತಿರಗ್ತದ" ಎಂದು ಗರಗರ ತಿರುಗಿಸುತ್ತಾರೆ.

"ತಿನ್ರಿ ಮೊದಲ, ಚಾ ಆರ್ತದ" ಎನ್ನುತ್ತಾರೆ ಮನೆಯಾಕೆ.

ಈಗ ನಾನು ಕೆಲಸ ಮಾಡುವ ಬ್ಯಾಂಕು ನನ್ನನ್ನು ನಾಸಿಕ್‌ಗೆ ವರ್ಗ ಮಾಡಿದೆ. ಅಲ್ಲಿನ ಪಂಚವಟಿಯಲ್ಲಿ ನಾನು, ಸಂಭಾಜಿನಗರದಲ್ಲಿ ಅವರು. ವಾರಕ್ಕೊಮ್ಮೆ ಬರುತ್ತಾರೆ. ಬಂದವರೇ ರಿಕ್ಷಾದವನಿಗೆ ಪಾಠ: ಗುಂಡಿಗೆ ಇಳಿಸಿದರೆ ಮೊದಲನೇ ಎಲುಬಿಗೆ ಪೆಟ್ಟು! ಅವನೋ, "ಸಾಹೇಬ, ಮಾನ್ ತುಮಚಿ, ರಿಕ್ಷಾ ಮಾಝೀ" ಎಂದ. ಕುತ್ತಿಗೆ ನಿಮ್ಮದು, ರಿಕ್ಷಾ ನನ್ನದು!

ಫೋನಿನಲ್ಲೂ ಅಷ್ಟೇ. "ದಿಂಬು ತೆಳ್ಳಗದನ? ಬಗ್ಗಿ ಮೊಬೈಲ್ ನೋಡಬ್ಯಾಡ." ನೀನಿಲ್ಲದೆ ಬೇಸರ ಎಂಬ ಒಂದು ಮಾತು? ಊಹೂಂ! ಸಂಜೆ ಖಾಲಿ ಮನೆಯ ಬೀಗ ತೆಗೆಯುವಾಗ ನನಗೆ ಬೇಕಾದದ್ದು ಅದೊಂದೇ. ಅದೇನು ಕೇಳಿ ಪಡೆಯುವ ಮಾತೇ?

ಕಳೆದ ವಾರ, ಸಂಭಾಜಿನಗರಕ್ಕೆ ವರ್ಗ ಈ ಸಲವೂ ಇಲ್ಲವೆಂದು ಬ್ಯಾಂಕು ತಿಳಿಸಿತು. ಭಾನುವಾರ ಅವರನ್ನು ಬಸ್ಸು ಹತ್ತಿಸಲು ಹೋದೆ. ಬಸ್ಸು ಹೊರಟಿತು. ನೋಡಿದರೆ, ಕಿಟಕಿಯಲ್ಲಿ ಅವರ ಮುಖ ನನ್ನ ಕಡೆಗೇ! ಓಡುವ ಗಾಡಿಯಲ್ಲಿ ಕುತ್ತಿಗೆ ಹೊರಳಿಸಿ ಕೂರುವುದು ಮಹಾಪಾಪ ಎಂದು ಊರಿಗೆಲ್ಲ ಸಾರುವ ಮನುಷ್ಯ! ಮುಂದೆ ನೋಡಿ ಎಂದು ಕೈಸನ್ನೆ ಮಾಡಿದೆ. ಕೇಳಲಿಲ್ಲ.

ಮರುದಿನ ವಿಡಿಯೊ ಕಾಲ್‌ನಲ್ಲಿ ಕುತ್ತಿಗೆಗೆ ಬೆಲ್ಟ್ ಹಾಕಿಕೊಂಡು ಕೂತಿದ್ದರು.

"ಅಯ್ಯ ಶಿವನೇ, ಏನಾತ್ರಿ?"

"ಕುತಗಿ ಹಿಡದದ. ಕ್ಲಾಸಿನ್ಯಾಗ ಹುಡುಗರು ನಗಲಿಕ್ಹತ್ಯಾರ."

"ಎಲ್ಲಾ ಗೊತ್ತಿದ್ದೂ ಯಾಕ ಹಂಗ ಹೊಳ್ಳಿ ಕುಂತಿದ್ರಿ?"

ತಲೆ ಅಲ್ಲಾಡಿಸಲು ಹೋಗಿ ಬೆಲ್ಟ್ ಹಿಡಿದುಕೊಂಡರು. ಆಮೇಲೆ ಮೆಲ್ಲಗೆ, "ನೀ ಕಾಣೂತನಕ ಅಂತ ಹೊಳ್ಳಿದೆ. ಆಮ್ಯಾಲ ಮುಂದ ತಿರಗಲಿಕ್ಕೆ ಮನಸ ಬರಲಿಲ್ಲ ನೋಡು. ನಿಫಾಡ ಬರೂತನಕ ಹಂಗೇ ಕುಂತಿದ್ದೆ" ಎಂದರು.

ನಿಫಾಡ ಇಲ್ಲಿಂದ ತಾಸಿನ ದಾರಿ. ನಾನು ಅತ್ತೇಬಿಟ್ಟೆ.