ನನ್ನ ಲೋ ಲೆವೆಲ್ ಕ್ಯಾರೆಕ್ಟರು

ನನಗೆ ಬರುವ ಇಂಗ್ಲಿಷ್ ಮಾತುಗಳು ಕಮ್ಮಿ. ಕರೆಂಟು, ಬಸ್ಸು, ಗ್ಯಾಸು, ಬಿಪಿ, ಶುಗರು, ಆಮೇಲೆ ಕ್ಯಾರೆಕ್ಟರು. ಮಿಕ್ಕವನ್ನ ಇದ್ದಾಗಲೂ ಮಾತಾಡ್ತೀವಿ, ಇಲ್ಲದಾಗಲೂ ಮಾತಾಡ್ತೀವಿ. ಕ್ಯಾರೆಕ್ಟರು ಮಾತ್ರ ಹಂಗಲ್ಲ. ಅದು ಚೆನ್ನಾಗಿರೋ ತನಕ ನಮ್ಮ ಬೀದಿಯಲ್ಲಿ ಯಾರೂ ಅದರ ಸುದ್ದಿ ಎತ್ತಲ್ಲ. "ಇಂಥವರ ಮಗಳ ಕ್ಯಾರೆಕ್ಟರ್ ಎಷ್ಟು ಚೆನ್ನಾಗೈತೆ ನೋಡ್ರಿ" ಅಂತ ಯಾರಾದರೂ ಹೇಳಿದ್ದನ್ನ ಈ ವಯಸ್ಸಿನವರೆಗೂ ನಾನು ಕೇಳಿಲ್ಲ. ಹಲ್ಲಿದ್ದ ಹಾಗೆ ಅದು. ನೋವು ಬಂದ ಮೇಲೇ ಬಾಯಲ್ಲಿ ಇದೆ ಅಂತ ಗೊತ್ತಾಗೋದು. ಗಂಡ ಸತ್ತ ಹೆಂಗಸಂತೂ ಅದನ್ನ ತುಂಬಿದ ಕೊಡದ ಹಾಗೆ ತಲೆ ಮೇಲೆ ಇಟ್ಟುಕೊಂಡು ತಿರುಗಬೇಕು. ನಾನೂ ತಿರುಗಿದೆ. ಹಲ್ಲು ಬಿಟ್ಟು ನಗಬಾರದು, ಜಗಲಿ ಮೇಲೆ ಬಹಳ ಹೊತ್ತು ಕೂರಬಾರದು, ಹಾಲಿನವನ ಜೊತೆ ಹಾಲಿನ ಮಾತು ಬಿಟ್ಟು ಬೇರೆ ಆಡಬಾರದು. ಒಂದು ಹನಿ ಚೆಲ್ಲಲಿಲ್ಲ. ಆ ಕೊಡ ಒಂದು ಭಾನುವಾರ ಮಧ್ಯಾಹ್ನ ನನ್ನ ಸ್ವಂತ ಮನೆಯ ಮಹಡಿ ಮೇಲೆ ಬಿದ್ದು ಒಡೆದುಹೋಯಿತು. ಹೇಗೆ ಅಂತ ಹೇಳ್ತೀನಿ.

ಹಿರಿಯೂರಿನಲ್ಲಿ ನನ್ನದೊಂದು ಸಣ್ಣ ಮನೆ. ಮಹಡಿ ಮೇಲೆ ಒಂದು ರೂಮು. ಅದನ್ನ ಸುಮಾ ಅನ್ನೋ ಹುಡುಗಿಗೆ ಬಾಡಿಗೆಗೆ ಕೊಟ್ಟಿದ್ದೀನಿ. ಬಬ್ಬೂರಿನ ಬೇಸಾಯದ ಫಾರಂನಲ್ಲಿ ಕೆಲಸ. ಬೆಳಗ್ಗೆ ಡಬ್ಬಿ ಹಿಡಿದು ಹೋದರೆ ಸಂಜೆ ಕಾಲಿಗೆಲ್ಲ ಮಣ್ಣು ಮೆತ್ತಿಕೊಂಡು ಬರ್ತಾಳೆ. ನಲ್ಲಿ ಬಿಟ್ಟು ಮರೆಯಲ್ಲ, ರಾಗಿ ಮುದ್ದೆ ಕೊಟ್ಟರೆ ಬೇಡ ಅನ್ನಲ್ಲ. ಬಾಡಿಗೆಯವರಲ್ಲಿ ಇದಕ್ಕಿಂತ ಏನು ಬೇಕು. ಒಂದೇ ಒಂದು ಕೊರತೆ ಅಂದರೆ ಭಾನುವಾರ ಊಟವಾದ ಮೇಲೆ ಅವಳ ಸ್ನೇಹಿತರು ಬರ್ತಿದ್ದರು. ಬಳೆ ಅಂಗಡಿ ಸಾಹೇಬರ ಮಗಳು ನಸ್ರೀನ್, ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಮಾಡೋ ಮಂಜುನಾಥ, ಇನ್ನೊಬ್ಬಳು ಹುಡುಗಿ. ಆ ಇನ್ನೊಬ್ಬಳಿಗೆ ಸಿರಿಗೆರೆ ಕಡೆ ಕೆಲಸ ಸಿಕ್ಕಿ ಹೋದ ಮೇಲೆ ಸುಮಾನೂ ಸೇರಿ ಮೂರೇ ಜನ ಉಳಿದರು. ಬಾಗಿಲು ಮುಂದಕ್ಕೆ ತಳ್ಳಿಕೊಂಡು ಒಳಗೆ ಕೂತರೆ ಸಾಯಂಕಾಲದವರೆಗೂ ಕೂಗಾಟ, ನಗು, ನಡುನಡುವೆ ಏನೋ ಕಟಕಟ ಸದ್ದು. ಕೇರಂ ಇರಬೇಕು ಅಂತ ಸುಮ್ಮನಿದ್ದೆ. ನನಗೆ ಬೇಕಾಗಿದ್ದದ್ದು ಮಧ್ಯಾಹ್ನದ ನಿದ್ದೆ, ಅದು ಹೇಗೂ ಬರ್ತಿತ್ತು.

ನಿದ್ದೆ ಕೆಡಿಸಿದವಳು ಪಕ್ಕದ ಮನೆ ಜಯಮ್ಮ. ಅವಳ ಅಡುಗೆಮನೆ ಕಿಟಕಿ ನಮ್ಮ ಮಹಡಿ ಕಿಟಕಿಗೆ ಎದುರು. ಕಿವಿ ಬಹಳ ಚುರುಕು. ಆ ಭಾನುವಾರ ಕೈಯಲ್ಲಿ ಸೌಟು ಹಿಡಿದುಕೊಂಡೇ ಬಂದಳು. "ಈರಕ್ಕ, ಏಳು. ನಿನ್ನ ಮನೆ ಹುಡುಗಿದು ಲೋ ಲೆವೆಲ್ ಕ್ಯಾರೆಕ್ಟರ್ ಅಂತೆ. ನಾನ್ ಹೇಳ್ತಿರೋದಲ್ಲ, ಅವರೇ ಬಾಯ್ಬಿಟ್ಟು ಹೇಳ್ಕೊಂತ ಅವ್ರೆ." ಲೆವೆಲ್ಲು ಅಂದರೆ ಹಿರಿಯೂರಿನವರಿಗೆ ಹೇಳಿಕೊಡಬೇಕಿಲ್ಲ. ಮಾರಿಕಣಿವೆ ಡ್ಯಾಮಿನ ನೀರು ಒಂದಿಷ್ಟು ಇಳಿದರೂ ಊರೆಲ್ಲ ಅದೇ ಮಾತು. ನೀರಿನ ಲೆವೆಲ್ ಕೆಳಗಿಳಿದರೆ ತೋಟ ಒಣಗುತ್ತೆ, ಕ್ಯಾರೆಕ್ಟರಿನ ಲೆವೆಲ್ ಇಳಿದರೆ ಇನ್ನೇನಾಗಬೇಡ! ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿದೆ.

ಬಾಗಿಲ ಹತ್ತಿರ ನಿಂತು ನನ್ನ ಕಿವಿಯಾರೆ ಕೇಳಿದೆ. ಮಂಜುನಾಥ ಹೇಳ್ತಿದ್ದ, "ನಂದು ಲೋ ಲೆವೆಲ್ ಕ್ಯಾರೆಕ್ಟರ್ ಅಂತ ಗೊತ್ತಿದ್ದೂ ನನ್ನ ಜೊತೆ ಯಾಕೆ ಬಂದೆ?" ನಸ್ರೀನ್ ಅಂದಳು, "ನಿಂದೊಂದೇ ಅಲ್ಲ, ನಂದೂ ಅಷ್ಟೇ. ಅದಕ್ಕೇ ಜೊತೆಗಿರಾಣ ಅಂದಿದ್ದು." ಸುಮಾ ನಗ್ತಾ ಅಂದಳು, "ಇಬ್ಬರೇ ಗವಿಯೊಳಗೆ ಹೋದ್ರೆ ನಿಮ್ಮ ಕಥೆ ಮುಗೀತು." ಇಷ್ಟು ಸಾಲದಾ? ಬಾಗಿಲು ದೂಡಿದೆ. "ಸುಮಾ, ಈ ತಿಂಗಳು ಮುಗಿಯೋದರೊಳಗೆ ರೂಮು ಖಾಲಿ ಮಾಡವ್ವ. ಕ್ಯಾರೆಕ್ಟರ್ ಇಲ್ಲದವರಿಗೆ ನನ್ನ ಮನೇಲಿ ಜಾಗ ಇಲ್ಲ" ಅಂದೆ. ನನ್ನ ಮಾತು ಹಂಗೇ, ಬೆಲ್ಲ ಸವರಿ ಕೊಡೋ ಅಭ್ಯಾಸ ಇಲ್ಲ.

ಮಂಜುನಾಥ ನಗು ತಡೆಯೋಕಾಗದೆ ಗೋಡೆ ಕಡೆ ತಿರುಗಿದ. ಸುಮಾ ಮಾತ್ರ ನಗಲಿಲ್ಲ. ಹಿಂದೆ ದುರ್ಗದಲ್ಲಿ ಒಂದು ಮನೆ, ಇಲ್ಲೇ ಹಿಂದಿನ ಬೀದಿಯಲ್ಲಿ ಒಂದು ಮನೆ, ಎರಡನ್ನೂ ಇಂಥದೇ ಮಾತಿಗೆ ಬಿಟ್ಟು ಬಂದಿದ್ದಳಂತೆ. ಇದೂ ಹೋದರೆ ಊರಿಗೆ ವಾಪಸು ಬಾ ಅಂತ ಅವರಪ್ಪ ಹೇಳಿಬಿಟ್ಟಿದ್ದರಂತೆ. ಅಳಲಿಲ್ಲ, ಕಾಲಿಗೆ ಬೀಳಲಿಲ್ಲ. ಪ್ಲಾಸ್ಟಿಕ್ ಕುರ್ಚಿ ಎಳೆದು, "ಅಜ್ಜಿ, ಕುಂತ್ಕಳ್ರಿ. ಇದು ಆಟ. ಕ್ಯಾರೆಕ್ಟರ್ ಅಂದ್ರೆ ನಡತೆ ಅಲ್ಲ, ನಾಟಕದಲ್ಲಿ ಪಾತ್ರ ಇರುತ್ತಲ್ಲ, ಅದು. ಹೊಸ ಪಾತ್ರಕ್ಕೆ ಶಕ್ತಿ ಕಮ್ಮಿ, ಅದಕ್ಕೆ ಲೋ ಲೆವೆಲ್ ಅಂತೀವಿ. ನಮಗೆ ಒಬ್ಬರು ಕಮ್ಮಿ ಅವ್ರೆ. ನೀವೇ ಆಡಿ ನೋಡ್ರಿ. ಆಮೇಲೂ ಖಾಲಿ ಮಾಡು ಅಂದ್ರೆ ಮಾಡ್ತೀನಿ" ಅಂದಳು. ನಾನು ಕೂತೆ. ನಂಬಿ ಅಲ್ಲ, ಅಷ್ಟು ಮೆಟ್ಟಿಲು ಹತ್ತಿದ ಮಂಡಿ ತಕ್ಷಣ ಇಳಿಯೋಕೆ ಒಪ್ಪಲಿಲ್ಲ.

ಅವರದು ಕೇರಂ ಅಲ್ಲ. ಮಧ್ಯೆ ಒಂದು ಹಾಳೆಯಲ್ಲಿ ಗವಿಯ ಚಿತ್ರ, ಸುತ್ತ ಬಣ್ಣಬಣ್ಣದ ದಾಳಗಳು. ನಮ್ಮ ಪಗಡೆ ದಾಳದಂಥವಲ್ಲ, ಒಂದಕ್ಕೆ ಇಪ್ಪತ್ತು ಮುಖ. ಅಷ್ಟೊಂದು ಮುಖದವರನ್ನ ನಾನು ಎಲೆಕ್ಷನ್ ಕಾಲದಲ್ಲಿ ಮಾತ್ರ ನೋಡಿದ್ದೆ. ಸುಮಾ ಕಥೆ ಹೇಳೋದು, ಮಿಕ್ಕವರು ಕಥೆಯೊಳಗೆ ಇಳಿದು ಏನು ಮಾಡ್ತೀವಿ ಅಂತ ಹೇಳೋದು, ಆಗುತ್ತೋ ಇಲ್ಲವೋ ಅನ್ನೋದನ್ನ ದಾಳ ಹೇಳೋದು. ಒಂದು ಬಿದ್ದರೆ ಹಾಳು, ಇಪ್ಪತ್ತು ಬಿದ್ದರೆ ಹಬ್ಬ. ಮಂಜುನಾಥ ಕತ್ತಿ ಹಿಡಿದವನು. ನಸ್ರೀನ್ ಮಂತ್ರವಾದಿ. ಅವಳಿಗೆ ಬರೋದು ದೀಪ ಹಚ್ಚೋ ಮಂತ್ರ ಒಂದೇ. "ಅದಕ್ಕೆ ಮಂತ್ರ ಯಾಕವ್ವ, ಬೆಂಕಿಪೊಟ್ಟಣ ಇರಲಿಲ್ವಾ?" ಅಂದೆ. "ಲೋ ಲೆವೆಲ್ ಅಜ್ಜಿ, ಏನ್ ಮಾಡಾಣ" ಅಂದಳು. ನನಗೇನು ಕೊಡೋದು ಅಂತ ಬಂದಾಗ ಮಂಜುನಾಥ, "ಅಜ್ಜಿಗೆ ಒನಕೆ ಕೊಡಾಣ" ಅಂತ ಶುರು ಮಾಡಿದ. ದುರ್ಗದ ಸೀಮೆ ಹೆಂಗಸು ಅಂದ ತಕ್ಷಣ ಎಲ್ಲರಿಗೂ ಒನಕೆ ನೆನಪಾಗುತ್ತೆ. "ಲೇ, ನನ್ನ ಮನೆಗೆ ಮಿಕ್ಸಿ ಬಂದು ನಿನ್ನ ವಯಸ್ಸಾಯ್ತು" ಅಂದೆ. ಕೊನೆಗೆ ಸಿರಿಗೆರೆಗೆ ಹೋದವಳ ಪಾತ್ರವೇ ನನ್ನ ಪಾಲಿಗೆ ಬಂತು. ಅವಳು ಕಳ್ಳಿ. ಒಬ್ಬರ ಮನೆ ಕರಿಬೇವಿನ ಎಲೆಯನ್ನೂ ಕೇಳದೆ ಕಿತ್ತವಳಲ್ಲ ನಾನು. ಕ್ಯಾರೆಕ್ಟರ್ ವಿಚಾರಿಸೋಕೆ ಬಂದು ಕಳ್ಳಿಯಾಗಿ ಕೂತೆ. ಏಟು ಬಿದ್ದಂಗೆಲ್ಲ ಜೀವ ಕಳೀತಾರಂತೆ, ನನಗೆ ಎಷ್ಟು ಜೀವ ಅಂತ ಕೇಳಿದೆ. ಆರಂತೆ. ದೇವರು ಒಂದೇ ಕೊಟ್ಟಿದ್ದ, ಇವರು ಆರು ಕೊಟ್ಟು ಕಮ್ಮಿ ಅಂತಿದ್ದಾರೆ!

ಕಥೆ ಏನಪ್ಪ ಅಂದರೆ, ಗವಿಯೊಳಗೆ ಒಂದು ಡ್ರ್ಯಾಗನ್ನು ಮಲಗಿದೆ. "ಏನದು?" ಅಂದೆ. "ದೊಡ್ಡ ಹಾವು ಅಜ್ಜಿ, ನಿಧಿ ಕಾಯುತ್ತೆ." "ಘಟಸರ್ಪ ಅನ್ನು ಮತ್ತೆ, ನಾಲಗೆ ಯಾಕೆ ತಿರುಚ್ತೀಯ." ಅದರ ಹಣೆ ಮಣಿಯನ್ನ ಯಾರೋ ಕದ್ದಿದ್ದಾರೆ. ಎದ್ದು ಮಣಿ ಇಲ್ಲದ್ದನ್ನ ನೋಡಿದರೆ ಸೀಮೆಯನ್ನೇ ಸುಡುತ್ತೆ. ಹಿಂದೆ ದೊಡ್ಡ ದೊಡ್ಡ ವೀರರೆಲ್ಲ ಅದನ್ನ ಕೊಲ್ಲೋಕೆ ಹೋಗಿ ಬೂದಿಯಾದರು. ನಾವು ಕೊಲ್ಲಬೇಕಿಲ್ಲ, ನಮ್ಮ ಕೈಗೆ ಸಿಕ್ಕಿರೋ ಆ ಮಣಿ ವಾಪಸು ಇಟ್ಟು ಬಂದರೆ ಸಾಕು. "ಲೋ ಲೆವೆಲ್ ಅಂತ ಬರೀ ಇಲಿ ಹೊಡೆಯೋ ಕೆಲಸ ಕೊಟ್ರೆ ಏನ್ ಮಜಾ ಅಜ್ಜಿ? ಸಣ್ಣವರಿಗೂ ದೊಡ್ಡ ಕಥೆ ಇರಬೇಕು" ಅಂದಳು ಸುಮಾ. "ಅಂದ್ರೆ ಬೇರೆ ಯಾರೂ ಸಿಗಲಿಲ್ಲ ಅಂತ ನಮ್ಮನ್ನ ಕಳಿಸ್ತಿದ್ದೀಯ." "ಹೂಂ." "ಸರಿ. ಮದುವೆ ಮನೆ ಅಡುಗೆಗೂ ನನ್ನನ್ನ ಹಂಗೇ ಕರೀತಿದ್ರು" ಅಂದೆ.

ಗವಿ ಅಂದಾಗ ಒಂದು ಮಾತು. ಚಂದ್ರವಳ್ಳಿ ಗವಿಗೆ ನಾನೊಂದು ಸಲ ಹೋಗಿದ್ದೆ, ಮೊಮ್ಮಕ್ಕಳ ಕಾಟಕ್ಕೆ. ಟಾರ್ಚ್ ಹಿಡಿದವನು ರಾಜರ ಕಥೆ ಹೇಳ್ತಾ ಮುಂದೆ ಹೋದ. ನಾನು ಕಥೆ ಕೇಳ್ತಾ ಬಂಡೆಗೆ ಹಣೆ ಕೊಟ್ಟೆ. ರಾಜರ ಹೆಸರು ಒಂದೂ ನೆನಪಿಲ್ಲ, ಬುಗುಟು ಚೆನ್ನಾಗಿ ನೆನಪಿದೆ. ಹಾಗಾಗಿ ಸುಮಾ, "ಬಾಗಿಲು ಬಂತು" ಅಂದಾಗೆಲ್ಲ ನಾನು, "ತಲೆ ಬಗ್ಗಿಸಿ ಹೋಗ್ತೀನಿ" ಅಂದೆ. ಮೂರನೇ ಬಾಗಿಲಿಗೆ ಅವಳು ಪೆನ್ನು ಕೆಳಗಿಟ್ಟಳು. ಅಲ್ಲಿ ಕುತ್ತಿಗೆ ಎತ್ತರಕ್ಕೆ ಕತ್ತಿಯ ಅಲಗು ಬೀಸೋ ಹಾಗೆ ಇಟ್ಟಿದ್ದಳಂತೆ, ಅದು ನನ್ನ ತಲೆ ಮೇಲೆ ಹಾದುಹೋಯ್ತಂತೆ. ಹಿಂದೆ ಎದೆ ಸೆಟೆಸಿಕೊಂಡು ಬಂದ ಮಂಜುನಾಥನಿಗೆ ಮೂರು ಜೀವ ಹೋಯ್ತು. "ವೀರರಿಗೆಲ್ಲ ಹಂಗೇ ಆಗೋದು" ಅಂದೆ.

ಕೊನೆಗೆ ಘಟಸರ್ಪದ ಹಣೆ ಹತ್ತಿರ ನಿಂತೆವು. ಮಣಿ ಇಡಬೇಕಾದವಳು ಕಳ್ಳಿ, ಅಂದರೆ ನಾನು. ಇಷ್ಟು ಹೊತ್ತಿಗೆ ಮಂಡಿ ನೋವು, ಜಯಮ್ಮ, ಎಲ್ಲ ಮರೆತಿದ್ದೆ. ದಾಳ ಉರುಳಿಸಿದೆ. ಒಂದು ಬಿತ್ತು. ನಸ್ರೀನ್ ತಲೆ ಮೇಲೆ ಕೈ ಹೊತ್ತು, "ಹೋಯ್ತು! ಹೋಯ್ತು! ಅಜ್ಜಿ, ಕ್ಯಾರೆಕ್ಟರ್ ಹೋಯ್ತು!" ಅಂತ ಕೂಗಿದಳು. ಕಿಟಕಿ ತೆರೆದಿತ್ತು. ಎದುರುಗಡೆ ಸೌಟು ಬಿದ್ದ ಸದ್ದಾಯ್ತು.

ಸುಮಾ ದನಿ ತಗ್ಗಿಸಿ ಹೇಳಿದಳು, "ಘಟಸರ್ಪ ಒಂದು ಕಣ್ಣು ತೆರೀತು. ಯಾರದು ಅಂತು. ಅಜ್ಜಿ, ಏನ್ ಮಾಡ್ತೀರಿ?" ಮಂಜುನಾಥ ಕತ್ತಿ ಅಂದ, ನಸ್ರೀನ್ ಓಡಾಣ ಅಂದಳು. ನನಗೆ ನಮ್ಮತ್ತೆ ನೆನಪಾದರು. ಮಧ್ಯಾಹ್ನ ಬಾಗಿಲ ಹೊಸ್ತಿಲಿಗೆ ಅಡ್ಡ ಮಲಗೋರು, ಸೊಸೆಯಂದಿರು ಮ್ಯಾಟಿನಿಗೆ ಹೋಗಬಾರದು ಅಂತ. ನಾನೂ ನನ್ನ ಓರಗಿತ್ತಿಯೂ ದಾಟೋವಾಗ ಒಂದು ಕಣ್ಣು ತೆರೆದು "ಯಾರೇ ಅದು?" ಅನ್ನೋರು. ಓಡಿದರೆ ಕೆಟ್ಟೆವು. ಹಂಗೇ ನಿಂತು, ಏನೂ ಆಗದವರ ಹಾಗೆ, "ಬೆಕ್ಕು ಕಣತ್ತೆ, ಮಲ್ಕಳ್ರಿ" ಅಂತಿದ್ದೆವು. ಮಲಗಿಬಿಡೋರು. ಬೆಕ್ಕು ಮಾತಾಡಲ್ಲ ಅನ್ನೋದು ಅರೆನಿದ್ದೆಯಲ್ಲಿ ಯಾರಿಗೂ ಹೊಳೆಯಲ್ಲ. ಸುಮಾ ಮುಖ ನೋಡಿ ಅದನ್ನೇ ಹೇಳಿದೆ. "ಬೆಕ್ಕು. ಮಲ್ಕ."

ಸುಮಾ ದಾಳವನ್ನ ನನ್ನ ಕೈಗೆ ಇಟ್ಟಳು. "ಹದಿನೈದಕ್ಕಿಂತ ಜಾಸ್ತಿ ಬಿದ್ರೆ ನಂಬುತ್ತೆ" ಅಂದಳು. ಉರುಳಿಸಿದೆ. ದಾಳ ಮಂಚದ ಕೆಳಗೆ ಹೋಯಿತು. ಮಂಜುನಾಥ ಹೊಟ್ಟೆ ಮೇಲೆ ತೆವಳಿ ಹೋದ. "ಲೇ, ಬದುಕಿದ್ದೀಯೇನೋ? ಎಷ್ಟು ಹೇಳೋ!" ಅಂತ ನಾನು ಕುರ್ಚಿ ಬಿಟ್ಟು ಎದ್ದೇಬಿಟ್ಟೆ. "ಹತ್ತೊಂಬತ್ತು!" ಅಂದ. ಘಟಸರ್ಪ ಕಣ್ಣು ಮುಚ್ಚಿತು. ಮಣಿ ಇಟ್ಟೆ. ಸೀಮೆ ಉಳಿಯಿತು. ನಾನು ಹಲ್ಲು ಬಿಟ್ಟು ನಕ್ಕೆ, ನನ್ನ ನಗು ಅಷ್ಟು ಜೋರಿದೆ ಅಂತ ನನಗೇ ಗೊತ್ತಿರಲಿಲ್ಲ.

ಎಲ್ಲ ತಣ್ಣಗಾದ ಮೇಲೆ ಸುಮಾ ಮೆಲ್ಲಗೆ ಕೇಳಿದಳು, "ಅಜ್ಜಿ, ರೂಮು?" "ಯಾವ ರೂಮು?" ಅಂದೆ. ಆಮೇಲೆ ನೆನಪಾಯ್ತು. "ಸುಮ್ನಿರು. ಮುಂದಿನ ವಾರ ಗವಿಯಿಂದ ಆಚೆ ಬರೋದು ಹೆಂಗೆ ಅಂತ ಯೋಚನೆ ಮಾಡು" ಅಂದೆ. ಆ ಹುಡುಗಿ ಉಸಿರು ಬಿಟ್ಟ ಸದ್ದು ನನಗೆ ಕೇಳಿಸಿತು. ನನ್ನ ಎದೆಯೂ ಹಗುರಾಯಿತು ಅನ್ನಬೇಕು. ಒಳ್ಳೆ ಬಾಡಿಗೆಯವರು ಸಿಗೋದು ಕಷ್ಟ.

ಕೆಳಗೆ ಜಯಮ್ಮ ಕಾಯ್ತಾ ನಿಂತಿದ್ದಳು, ಹಿಂದೆ ಇನ್ನಿಬ್ಬರು ಹೆಂಗಸರು. "ಈರಕ್ಕ, ಕ್ಯಾರೆಕ್ಟರ್ ಹೋಯ್ತು ಅಂತ ಕೂಗಿದ್ರಲ್ಲ, ಯಾರದು? ಆ ಹುಡುಗಿದಾ?" ಹೂಂ ಅಂದರೆ ಸುಮಾ ನಾಳೆಯೇ ಗಂಟು ಕಟ್ಟಬೇಕು. ಆಟ, ಪಾತ್ರ, ಘಟಸರ್ಪ ಅಂತ ವಿವರಿಸಿದರೆ ಇವರು ನನ್ನ ಬಿಪಿ ಮಾತ್ರೆ ಹುಡುಕ್ತಾರೆ. ಮೆಟ್ಟಿಲ ಕಂಬಿ ಹಿಡಿದು ನಿಂತು ಹೇಳಿದೆ, "ಆ ಹುಡುಗಿದಲ್ಲ, ನಂದು."

"ನಿಂದಾ?"

"ನಂದೇ. ಒಂದು ಗಳಿಗೆ ಹೋಗಿತ್ತು, ಆಮೇಲೆ ಉಳೀತು. ಆದ್ರೂ ಲೋ ಲೆವೆಲ್ಲೇ ಅಂತೆ. ಮುಂದಿನ ಭಾನುವಾರ ನೋಡಾಣ."

ಬೀದಿಗೆ ಸುದ್ದಿ ಹೋಗೋದು ತಡವಾಗಲಿಲ್ಲ. ಹಿಟ್ಟಿನ ಗಿರಣಿಯಲ್ಲಿ ಹೆಂಗಸರು ನನ್ನನ್ನ ಕಂಡು ಸೆರಗು ಬಾಯಿಗೆ ಇಟ್ಟುಕೊಂಡರು. ಮೊದಲಾದರೆ ಒಂದು ವಾರ ಅನ್ನ ಸೇರ್ತಿರಲಿಲ್ಲ. ಈಗ ಏನೂ ಅನ್ನಿಸಲಿಲ್ಲ. ಕೊಡ ಒಡೆದ ಮೇಲೆ ಕುತ್ತಿಗೆ ಎಷ್ಟು ಸಲೀಸಾಗಿ ತಿರುಗುತ್ತೆ ಅಂತ ಈಗಲೇ ಗೊತ್ತಾಗಿದ್ದು. ಜಗಲಿ ಮೇಲೆ ಬೇಕಾದಷ್ಟು ಹೊತ್ತು ಕೂತ್ಕೋತೀನಿ. ಹಾಲಿನವನಿಗೆ ಗವಿಯ ಕಥೆ ಹೇಳ್ತೀನಿ, ಅವನು ಒಂದು ತೊಟ್ಟು ಜಾಸ್ತಿ ಹಾಕಿ ಕೇಳ್ತಾನೆ. ಸುಮಾಳ ತಂಟೆಗೆ ಯಾರೂ ಬರ್ತಿಲ್ಲ, ಬೀದಿಗೆ ಒಂದು ಹೊತ್ತಿಗೆ ಒಬ್ಬರ ಕ್ಯಾರೆಕ್ಟರ್ ಸಾಕು. ಮೊನ್ನೆ ಜಯಮ್ಮ ಮತ್ತೆ ಕೇಳಿದಳು, "ಈಗ ಹೆಂಗೈತೆ ಈರಕ್ಕ, ನಿನ್ನ ಕ್ಯಾರೆಕ್ಟರು?" "ಎರಡನೇ ಲೆವೆಲ್ಲಿಗೆ ಏರಿಸವ್ರೆ" ಅಂದೆ. ನಿಜ, ಸುಮಾ ಏರಿಸಿದ್ದಾಳೆ, ಎಂಟು ಜೀವ ಜಾಸ್ತಿ ಮಾಡಿ. ಒಂದೇ ಒಂದು ಸಲ ಘಟಸರ್ಪ ಮಲಗಿಸಿದ್ದಕ್ಕೆ ಇಷ್ಟು. ಅದೇ ಕೆಲಸವನ್ನ ಅತ್ತೆ ಮನೆಯಲ್ಲಿ ವರ್ಷಗಟ್ಟಲೆ ಮಾಡಿದೆ. ಅಲ್ಲಿ ಒಬ್ಬರೂ ಒಂದು ಲೆವೆಲ್ಲು ಏರಿಸಲಿಲ್ಲ.