ಗಾರ್ಡ್ ಸಾಹೇಬರ ಆಮೆ ಮತ್ತು ಕೆಂಪು ಕಾಲುಚೀಲ

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅಳತೆಪ್ಪ ಒಬ್ಬ ದಪ್ಪ ಗಿರಾಕಿಯ ಎಡಗಾಲನ್ನು ಬೂಟಿನೊಳಗೆ ತುರುಕುತ್ತಿದ್ದ. ಅಳತೆಪ್ಪ ಎಂಬುದು ಅವನ ಹೆಸರಲ್ಲ, ಬಿರುದು. ಹನ್ನೆರಡು ವರ್ಷ ಚಪ್ಪಲಿ ಅಂಗಡಿಯಲ್ಲಿ ಜನರ ಕಾಲ ಬಳಿ ಕೂತು ಕೂತು, ಬಾಗಿಲಲ್ಲಿ ಕಂಡ ಪಾದದ ನಂಬರನ್ನು ಕಣ್ಣಳತೆಯಲ್ಲೇ ಹೇಳುತ್ತಿದ್ದ. ಮುಖಗಳು ಮಾತ್ರ ಅವನಿಗೆ ಅಷ್ಟಾಗಿ ನೆನಪಿರುತ್ತಿರಲಿಲ್ಲ.

ನೆನಪಿದ್ದ ಒಂದೇ ಮುಖ ಈಗ ಬಾಗಿಲಲ್ಲಿ ಇಣುಕಿತು. ಎದುರು ಕನ್ನಡಕದ ಅಂಗಡಿಯ ಹುಡುಗಿ. ಅವಳಿಗೆ ಅಳತೆಪ್ಪ ಇಷ್ಟ, ಅಳತೆಪ್ಪನಿಗೆ ಅವಳೆಂದರೆ ಪ್ರಾಣ. ಮದುವೆಗೆ ಬಾಕಿ ಇದ್ದದ್ದು ಅವಳ ಅಪ್ಪನ ಒಪ್ಪಿಗೆ ಒಂದೇ.

“ಅಪ್ಪ ನಾಲ್ಕು ಗಂಟೆಗೆ ಬರೋಕೆ ಹೇಳಿದಾರೆ. ಮೊದ್ಲು ನಮ್ಮ ಆಮೆ ಎದುರಿಗೆ ಕೂರಿಸ್ತಾರೆ. ಇಬ್ರು ಭಾವಂದಿರಿಗೂ ಹಾಗೇ ಮಾಡಿದ್ರು. ನೀವು ಏನೂ ಮಾಡ್ಬೇಡಿ, ಸುಮ್ನೆ ಕೂತಿರಿ. ಯಾಕಂದ್ರೆ...”

ಅಷ್ಟರಲ್ಲಿ ಅವಳ ಅಂಗಡಿಯ ಮಾಲೀಕ ಗಂಟೆ ಬಾರಿಸಿದ. ಅವಳು ಓಡಿದಳು. ಆ ‘ಯಾಕಂದ್ರೆ’ಯ ಮುಂದಿನ ಮಾತು ಕೇಳಿಸಿದ್ದರೆ ಅಳತೆಪ್ಪ ಇಂದು ಸಂಸಾರಸ್ಥನಾಗಿರುತ್ತಿದ್ದ.

ಗಿರಾಕಿಯ ಕಾಲನ್ನು ಅರ್ಧಕ್ಕೇ ಬಿಟ್ಟು ಅವನು ಮ್ಯಾನೇಜರರ ಬಳಿ ಹೋದ. ಮ್ಯಾನೇಜರರಿಗೆ ಯಾರ ಕಷ್ಟ ಕೇಳಿದರೂ ಹುರುಪು ಬರುತ್ತಿತ್ತು.

“ಅಂದ್ರೆ ಪರೀಕ್ಷೆ ಮಾಡೋದು ಆಮೆ! ಅದು ಒಪ್ಪಿದ್ರೆ ಮಾವ ಒಪ್ಪಿದ ಹಾಗೆ. ಸುಮ್ನೆ ಕೂತ್ರೆ ಆಗುತ್ತೇನಯ್ಯಾ? ಸುಮ್ನೆ ಕೂತು ಯಾವತ್ತಾದ್ರೂ ಒಂದು ಜೊತೆ ಚಪ್ಪಲಿ ಮಾರಿದೀಯಾ?”

ಪಕ್ಕದ ಮಳಿಗೆಯಲ್ಲಿ ಗಾಜಿನ ತೊಟ್ಟಿ, ಬಣ್ಣದ ಮೀನು, ಆಮೆಮರಿ ಮಾರುವವನನ್ನು ತಕ್ಷಣ ಕರೆಸಲಾಯಿತು. ಅವನು ಡಾಕ್ಟರನಂತೆ ಗಂಭೀರವಾಗಿ ಅಳತೆಪ್ಪನ ಪಾದಗಳನ್ನು ನೋಡಿದ.

“ಆಮೆ ಇರೋದು ನೆಲದ ಮಟ್ಟದಲ್ಲಿ. ಅದಕ್ಕೆ ನಿಮ್ಮ ಮುಖ ಎಲ್ಲಿ ಕಾಣ್ಬೇಕು? ಅದು ಯಜಮಾನನ್ನ ಗುರುತು ಹಿಡಿಯೋದೇ ಕಾಲು ನೋಡಿ, ವಾಸನೆ ನೋಡಿ. ಕೆಂಪು ಬಣ್ಣ ಕಂಡ್ರೆ ಹಣ್ಣು ಅಂತ ಓಡಿಬರುತ್ತೆ. ಕೆಂಪು ಕಾಲುಚೀಲ ಹಾಕ್ಕೊಳ್ಳಿ. ಕಲ್ಲಂಗಡಿ ರಸದಲ್ಲಿ ಅದ್ದಿದ್ರಂತೂ ಕೇಳೋದೇ ಬೇಡ.”

ಕಾಲಿನಿಂದಲೇ ಕೆಲಸವಾಗುತ್ತದೆ ಎಂದರೆ ನಂಬದಿರಲು ಅಳತೆಪ್ಪನಿಗೆ ಕಾರಣವೇ ಇರಲಿಲ್ಲ. ಅಂಗಡಿಯಲ್ಲಿದ್ದ ಕೆಂಪು ಕಾಲುಚೀಲ ಮಕ್ಕಳ ಫುಟ್‌ಬಾಲಿನದು, ಮೊಣಕಾಲಿನ ತನಕ ಬರುವಂಥದು. ಅದನ್ನೇ ಹಿಡಿದು ಮನೆಗೆ ಓಡಿದ. ಮನೆಯಲ್ಲಿದ್ದವಳು ಅವನ ಅಕ್ಕ. ಆಕೆ ಯಾವ ಕೆಲಸವನ್ನೂ ಅರೆಬರೆ ಮಾಡಿದವಳಲ್ಲ. ಬಕೆಟ್ಟಿಗೆ ಇಡೀ ಹಣ್ಣು ಹಿಂಡಿ ಕಾಲುಚೀಲವನ್ನು ಎರಡು ಗಂಟೆ ನೆನೆಹಾಕಿದಳು.

“ಹಿಂಡಬೇಡ ಕಣೋ, ಸಾರವೆಲ್ಲ ಹೋಗುತ್ತೆ,” ಎಂದಳು.

ಮೂರೂವರೆಗೆ ಅಳತೆಪ್ಪ ಹೊಸ ಬೂಟಿನೊಳಗೆ ‘ಪಚಕ್, ಪಚಕ್’ ಎನ್ನಿಸುತ್ತ ಬಸ್ಸು ಹತ್ತಿದ. ಎರಡು ನಿಲ್ದಾಣ ಕಳೆಯುವಷ್ಟರಲ್ಲಿ ನೊಣಗಳು ಹತ್ತಿಕೊಂಡವು. ಪಕ್ಕದ ಸೀಟಿನ ಅಜ್ಜಿ ಮೂಗರಳಿಸಿ, “ಯಾರೋ ಒಳ್ಳೇ ಹಣ್ಣು ತಂದಿದಾರೆ,” ಎಂದು ಎಲ್ಲರ ಚೀಲವನ್ನೂ ನೋಡಿದರು. ಇಳಿದ ಮೇಲೆ ಒಂದು ನಾಯಿ ಅವನ ಹಿಮ್ಮಡಿ ನೆಕ್ಕುತ್ತ ಗೇಟಿನ ತನಕ ಬಂತು. ನಾಯಿಗೇ ಇಷ್ಟು ಇಷ್ಟವಾದರೆ ಆಮೆಗೆ ಎಷ್ಟಾಗಬೇಡ ಎಂದು ಅಳತೆಪ್ಪ ಒಳಗೊಳಗೇ ಹಿಗ್ಗಿದ.

ಹುಡುಗಿಯ ಅಪ್ಪ ರೈಲಿನ ಗಾರ್ಡ್ ಆಗಿ ನಿವೃತ್ತರಾದವರು. ಕೊರಳಲ್ಲಿ ಈಗಲೂ ಸೀಟಿ ನೇತಾಡುತ್ತಿತ್ತು. ಮೊದಲು ಅದನ್ನು ಊದಿ ರೈಲು ಬಿಡುತ್ತಿದ್ದರು, ಈಗ ಆಮೆ ಕರೆಯುತ್ತಿದ್ದರು.

ಅಳತೆಪ್ಪ ಬಾಗಿಲಲ್ಲಿ ಬೂಟು ಕಳಚಿ ಒಳಗೆ ನಡೆದ. ಬಿಳಿ ನೆಲದ ಮೇಲೆ ಕುರ್ಚಿಯ ತನಕ ಗುಲಾಬಿ ಬಣ್ಣದ ಹೆಜ್ಜೆಗಳು ಮೂಡಿದವು. ಹುಡುಗಿ ಆ ಹೆಜ್ಜೆಗಳನ್ನು ನೋಡಿದಳು, ಆಮೇಲೆ ಕಾಲುಚೀಲ ನೋಡಿದಳು, ಆಮೇಲೆ ಕಣ್ಣು ಮುಚ್ಚಿಕೊಂಡಳು. ದೂರದೃಷ್ಟಿಯ ಅಪ್ಪನಿಗೆ ಹತ್ತಿರದ್ದೇನೂ ಸರಿಯಾಗಿ ಕಾಣುತ್ತಿರಲಿಲ್ಲ. ಮಗಳೇ ಮಾಡಿಸಿಕೊಟ್ಟ ಕನ್ನಡಕ ಟೀವಿಯ ಮೇಲೆ ಕೂತಿತ್ತು.

“ಈ ಆಮೆ ನನ್ನ ಹತ್ರ ಇಪ್ಪತ್ತೆರಡು ವರ್ಷದಿಂದ ಇದೆ. ಸೀಟಿ ಊದಿದ್ರೆ ಎಲ್ಲಿದ್ರೂ ಬರುತ್ತೆ. ನೋಡ್ತಿರಿ,” ಎಂದು ಗಾರ್ಡ್ ಸಾಹೇಬರು ಸೀಟಿ ಊದಿದರು.

ಮಂಚದ ಕೆಳಗಿನಿಂದ ಆಮೆ ಹೊರಟಿತು. ಅರ್ಧ ದಾರಿಗೆ ಬಂದು ನಿಂತಿತು. ಕತ್ತು ಚಾಚಿ ಅಳತೆಪ್ಪನ ಕಾಲು ನೋಡಿತು. ಆಮೇಲೆ ಅದು ಓಡಿದ ರೀತಿ ಕಂಡವರು ಆಮೆಯ ವಿಷಯದಲ್ಲಿ ಹಗುರವಾಗಿ ಮಾತಾಡಲಾರರು.

“ಬಾ ಮರೀ, ಈ ಕಡೆ!” ಗಾರ್ಡ್ ಸಾಹೇಬರು ಮತ್ತೆ ಸೀಟಿ ಊದಿದರು. ಆಮೆ ಅಳತೆಪ್ಪನ ಹೆಬ್ಬೆರಳಿಗೆ ಬಾಯಿ ಹಾಕಿತು. ಅವನ ಜೀವ ಬಾಯಿಗೆ ಬಂತು, ಆದರೂ ಗಿರಾಕಿಯೆದುರು ನಗುವಂತೆ ನಕ್ಕ. ಮೂರನೆಯ ಸಲ ಊದಿದಾಗ ಸೀಟಿಯಿಂದ ಬರಿಯ ಗಾಳಿ ಬಂತು. ಅಳತೆಪ್ಪ ಎದ್ದು ಕಿಟಕಿಗೆ ಹೋದರೆ ಆಮೆ ಕಿಟಕಿಗೆ ಹೋಯಿತು. ವಾಪಸು ಬಂದು ಕೂತರೆ ಅವನ ಪಾದದ ಮೇಲೆ ತಲೆಯಿಟ್ಟಿತು.

ಗೆದ್ದೆ ಎಂದುಕೊಂಡು ಅವನು ತಲೆಯೆತ್ತಿದ. ಗಾರ್ಡ್ ಸಾಹೇಬರ ಕಣ್ಣಲ್ಲಿ ನೀರಿತ್ತು.

“ನನ್ನ ಹೆಂಡ್ತಿ ತೀರಿಕೊಂಡ ವರ್ಷ ಇದು ನನ್ನ ಕಾಲ ಹತ್ರಾನೇ ಬಿದ್ದಿರ್ತಿತ್ತು,” ಎಂದರು. “ಯಾರನ್ನೂ ಹತ್ರ ಸೇರಿಸ್ತಿರ್ಲಿಲ್ಲ. ದೊಡ್ಡ ಅಳಿಯನ್ನ ನೋಡಿ ಬುಸ್ ಅಂತು. ಎರಡನೆಯವನ್ನ ನೋಡಿ ಮೂರು ದಿನ ತಲೇನೇ ಹೊರಗೆ ಹಾಕ್ಲಿಲ್ಲ. ಇಬ್ರಿಗೂ ಅಲ್ಲೇ ಹೆಣ್ಣು ಕೊಡ್ತೀನಿ ಅಂದೆ. ಮಗಳು ಹೋದ್ರೂ ಇದು ನಂದಾಗೇ ಇರುತ್ತೆ ಅನ್ನೋ ಧೈರ್ಯ. ನೀನು ಬಂದು ಐದು ನಿಮಿಷ ಆಗಿಲ್ಲ, ಇದನ್ನ ಕಿತ್ಕೊಂಡೆ. ಇನ್ನು ಮಗಳನ್ನೂ ಕೊಟ್ಟು ನಾನು ಗೋಡೆ ನೋಡ್ತಾ ಕೂರ್ಲಾ? ಇಲ್ಲಪ್ಪ. ಇದು ನಿನ್ನನ್ನ ಬಿಟ್ಟಿರಲ್ಲ, ತಗೊಂಡು ಹೋಗು. ಮಗಳು ಇಲ್ಲೇ ಇರ್ಲಿ.”

ಸೀಟಿಯನ್ನೂ ಕೊರಳಿಂದ ತೆಗೆದು ಅವನ ಕೈಗಿಟ್ಟರು.

ರಟ್ಟಿನ ಪೆಟ್ಟಿಗೆ ತಂದುಕೊಟ್ಟ ಹುಡುಗಿ ಹಲ್ಲು ಕಚ್ಚಿ ಹೇಳಿದ್ದು ಇಷ್ಟೇ: “ಏನೂ ಮಾಡ್ಬೇಡಿ ಅಂದಿದ್ದೆ.”

ಮನೆಗೆ ಬಂದು ಅಳತೆಪ್ಪ ಕಾಲುಚೀಲ ಎಸೆದ. ಸೋಪು ಹಚ್ಚಿ ಮೂರು ಸಲ ಕಾಲು ತೊಳೆದ. ಆಮೆಯನ್ನು ನೆಲಕ್ಕೆ ಬಿಟ್ಟು ಎದುರು ಕೂತ. ಆಮೆ ಅವನ ಪಾದ ಮೂಸಿತು, ‘ಬುಸ್’ ಎಂದಿತು, ನಾಲ್ಕು ಕಾಲು, ಒಂದು ತಲೆ ಎಲ್ಲವನ್ನೂ ಒಳಗೆಳೆದುಕೊಂಡಿತು. ಸೀಟಿ ಊದಿದರೂ ಮಿಸುಕಲಿಲ್ಲ.

“ಅಕ್ಕಾ, ಇದಕ್ಕೆ ನನ್ನ ಕಂಡ್ರೆ ಆಗಲ್ಲ!” ಎಂದು ಅಳತೆಪ್ಪ ಕುಣಿದಾಡಿದ. ಆಮೆಯಿಂದ ಬೈಸಿಕೊಂಡು ಅಷ್ಟು ಸಂತೋಷಪಟ್ಟವರು ಬೇರೊಬ್ಬರಿರಲಾರರು. ಬರಿಗಾಲಲ್ಲೇ ಪೆಟ್ಟಿಗೆ ಹೊತ್ತು ಓಡಿದ.

ಗಾರ್ಡ್ ಸಾಹೇಬರು ತಮ್ಮ ಕುರ್ಚಿಯಲ್ಲಿ ಕುಗ್ಗಿ ಕೂತಿದ್ದರು. ಈಗ ಕನ್ನಡಕ ಹಾಕಿದ್ದರು.

“ಸಾರ್, ನಾನು ಮೋಸ ಮಾಡ್ದೆ. ಕಾಲಿಗೆ ಕಲ್ಲಂಗಡಿ ರಸ ಹಚ್ಕೊಂಡು ಬಂದಿದ್ದೆ. ಇದು ನಿಮ್ಮದೇ ಸಾರ್. ನನ್ನ ನೋಡಿದ್ರೆ ಬುಸ್ ಅನ್ನುತ್ತೆ!”

ಮುದುಕರ ಮುಖ ಅರಳಿತು. ಹುಡುಗಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

“ಈಗ ಕಾಲಿಗೆ ಏನೂ ಹಚ್ಚಿಲ್ಲ ತಾನೆ?” ಎಂದರು ಗಾರ್ಡ್ ಸಾಹೇಬರು.

“ಇಲ್ಲ ಸಾರ್, ಮೂರು ಸಲ ತೊಳೆದಿದೀನಿ.”

ಅವರು ಬಗ್ಗಿ ಅವನ ಪಾದಗಳನ್ನು ನೋಡಿ ತೃಪ್ತರಾದರು. “ಹಾಗಾದ್ರೆ ಆಮೇನ ಕೆಳಗೆ ಬಿಡು, ನೋಡೋಣ.”

ಅಳತೆಪ್ಪ ಬಾಗಿಲ ಬಳಿಯೇ ನಿಂತು, ಆಮೆಯನ್ನು ಮೊದಲು ತಾನು ಕೂತಿದ್ದ ದೂರದ ಕುರ್ಚಿಯ ಪಕ್ಕದಲ್ಲಿ ಬಿಡಲು ಹುಡುಗಿಯ ಕೈಗೆ ಕೊಟ್ಟ. ನೆಲ ಮುಟ್ಟಿದ್ದೇ ಆಮೆ ತಲೆ ಹೊರಹಾಕಿತು. ದುಃಖದಲ್ಲಿದ್ದ ಮನೆಯಲ್ಲಿ ಯಾರೂ ನೆಲ ಒರೆಸಿರಲಿಲ್ಲ. ಅದು ಕುರ್ಚಿಯ ಬಳಿ ಒಣಗಿ, ಮುದುಕರ ಕಣ್ಣಿಗೆ ಕಾಣದಷ್ಟು ಮಾಸಿದ್ದ ಮೊದಲ ಗುಲಾಬಿ ಹೆಜ್ಜೆಯನ್ನು ನೆಕ್ಕಿತು. ಆಮೇಲೆ ಎರಡನೆಯದನ್ನು. ಮೂರನೆಯದನ್ನು. ಒಂದನ್ನೂ ಬಿಡದೆ ಹೆಜ್ಜೆಹೆಜ್ಜೆಗೂ ಬಾಯಿ ತಾಗಿಸುತ್ತ ಬಾಗಿಲಿನತ್ತ, ಅಳತೆಪ್ಪನತ್ತ ಬಂತು.

“ಅಯ್ಯೋ,” ಎಂದರು ಗಾರ್ಡ್ ಸಾಹೇಬರು ಎದೆ ಹಿಡಿದುಕೊಂಡು, “ಇವನು ನಡೆದ ಜಾಗಕ್ಕೂ ಮುತ್ತು ಕೊಡ್ತಾ ಇದೆಯಲ್ಲ! ನನ್ನ ಮನಸ್ಸು ನೋಯಬಾರದು ಅಂತ ಸುಳ್ಳು ಬೇರೆ ಹೇಳ್ತೀಯಾ? ಒಳ್ಳೆಯವನಪ್ಪ ನೀನು. ಹೋಗು.”

ಬಾಗಿಲು ಮುಚ್ಚಿತು. ಅಳತೆಪ್ಪ ಆಮೆಯನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟು ಎತ್ತಿಕೊಂಡು ಬರಿಗಾಲಲ್ಲಿ ಬಸ್ ನಿಲ್ದಾಣದತ್ತ ನಡೆದ. ಗೇಟು ದಾಟಿದ ಮೇಲೆ ಪೆಟ್ಟಿಗೆಯೊಳಗಿಂದ ಸದ್ದು ಬಂತು, ‘ಬುಸ್.’